ದೇವಯ್ಯನವರು ಹಳೇ ವಿಮಾನದಲ್ಲೇ ಹೊಡೆದ್ರಲ್ಲ, ಮತ್ತೆ ಹೊಸದ್ಯಾಕೆ?

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ವಿಮಾನ, ಯುದ್ಧನೌಕೆ ಬಗ್ಗೇನೇ ಇದೆ. ಮಿಗ್-21 ಯುದ್ಧವಿಮಾನ ರಿಟೈರ್ ಆದ ಮೇಲೆ ಕೊಡಗಿನ ಓದುಗರು ಇದನ್ನೇ ಕೇಳ್ತಿದ್ದಾರೆ, ಕೇಳಲೇಬೇಕು, ನಮ್ಮಲ್ಲಿ ಯಾವ ಊರಿಗೆ ಹೋದ್ರೂ ಒಬ್ಬ ಮಿಲಿಟರಿಯವರು ಸಿಗ್ತಾರೆ. ಹೊಸಬರಿಗೆ ಒಂದು ಮಾತು, ನಾನು ಏರ್‌ಫೋರ್ಸಲ್ಲಿ 20 ವರ್ಷ ಏರ್‌ಫ್ರೇಮ್ ಫಿಟ್ಟರ್ ಆಗಿದ್ದೋನು, ವಿಮಾನ ಹಾರಿಸಿದವನಲ್ಲ, ಅದರ ಹೊಟ್ಟೆ ಕೆಳಗೆ ಮಲಗಿ ಕೆಲಸ ಮಾಡಿದವನು, ಆದ್ದರಿಂದ ನನ್ನ ಉತ್ತರ ಅಲ್ಲಿಂದ ಕಾಣಿಸೋ ಹಾಗೇ ಇರತ್ತೆ.

ಪ್ರಶ್ನೆ (ಮಡಿಕೇರಿ): ಸರ್, 1965ರ ಯುದ್ಧದ ಪೈಲಟ್ ಅಜ್ಜಮಾಡ ದೇವಯ್ಯನವರ ಪ್ರತಿಮೆ ನೋಡ್ದಾಗೆಲ್ಲ ಒಂದು ಯೋಚನೆ ಬರತ್ತೆ. ಅವರು ಹಳೇ ವಿಮಾನದಲ್ಲಿ ಹೋಗಿ ಅಮೆರಿಕದ ಹೊಸಾ ವಿಮಾನ ಹೊಡೆದು ಹಾಕಿದ್ರು. ಹಾಗಾದ್ರೆ ಇಷ್ಟು ಸಾವಿರ ಕೋಟಿ ಸುರಿಯೋದು ಯಾಕೆ, ಪೈಲಟ್ ಗಟ್ಟಿಯಾಗಿದ್ರೆ ಸಾಲದಾ?

ಉತ್ತರ: ಸಾಲಲ್ಲ. ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ನಮ್ಮ ಮಿಸ್ಟೀರ್ ವಿಮಾನಗಳು ಹೊರಟವು. ದೇವಯ್ಯನವರು ಆ ದಿನ ಸ್ಟ್ಯಾಂಡ್‌ಬೈ, ಅಂದ್ರೆ ಯಾರಾದ್ರೂ ಹೋಗೋಕಾಗದಿದ್ರೆ ಅವರ ಜಾಗಕ್ಕೆ ಹೋಗ್ಬೇಕಾದವರು, ಹೋದ್ರು. ಅವರ ಹಿಂದೆ ಬಿದ್ದಿದ್ದು ಎಫ್-104 ಸ್ಟಾರ್‌ಫೈಟರ್. ಮಿಸ್ಟೀರ್ ಓಡಿದ್ರೆ ಗಂಟೆಗೆ 1,100 ಕಿಲೋಮೀಟರ್ ಆಸುಪಾಸು, ಸ್ಟಾರ್‌ಫೈಟರ್ ಅದರ ಎರಡರಷ್ಟು ಓಡೋದು, ಅದರಲ್ಲಿ ರೇಡಾರ್ ಇತ್ತು, ಕ್ಷಿಪಣಿ ಇತ್ತು, ನಮ್ಮ ಮಿಸ್ಟೀರಲ್ಲಿ ಹೊಡೆದಾಡೋಕೆ ಇದ್ದಿದ್ದು ಎರಡು ಫಿರಂಗಿ. ದೇವಯ್ಯನವರ ವಿಮಾನಕ್ಕೆ ಪೆಟ್ಟು ಬಿದ್ದಿತ್ತು. ಆದ್ರೂ ತಿರುಗಿ ನಿಂತ್ರು. ಸ್ಟಾರ್‌ಫೈಟರ್ ರೆಕ್ಕೆ ಬಹಳ ಚಿಕ್ಕದು, ನೇರ ಓಡೋಕೆ ಮಾಡಿದ ವಿಮಾನ ಅದು, ನೆಲಕ್ಕೆ ಹತ್ತಿರ ಹಾರ್ತಾ ಗಿರಕಿ ಹೊಡೆಯೋಕೆ ಅದಕ್ಕೆ ಕಷ್ಟ, ಆ ಒಂದು ಸಂದಿ ಹಿಡಿದು ಅವರು ಹೊಡೆದ್ರು. ಆ ಪೈಲಟ್ ಪ್ಯಾರಾಚೂಟಲ್ಲಿ ಇಳಿದು ಬದುಕಿದ, ನಮ್ಮವರು ವಾಪಸ್ ಬರ್ಲಿಲ್ಲ. ಹೀಗಾಯ್ತು ಅಂತ ನಮ್ಮ ಕಡೆಗೆ ಗೊತ್ತಾಗೋಕೆ ವರ್ಷಗಟ್ಟಲೆ ಹಿಡೀತು, ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, 23 ವರ್ಷ ಆದ್ಮೇಲೆ.

ಈಗ ನೀವೇ ಹೇಳಿ, ಗೆದ್ದಿದ್ದು ಮಿಸ್ಟೀರಾ, ದೇವಯ್ಯನವರಾ? ಎರಡು ವಿಮಾನದ ನಡುವೆ ಎಷ್ಟು ಅಂತರ ಇತ್ತೋ ಅಷ್ಟನ್ನೂ ಅವರು ತಮ್ಮ ಪ್ರಾಣದಿಂದ ತುಂಬಿದ್ರು. ಆ ಧೈರ್ಯಕ್ಕೆ ಕೈ ಮುಗಿಯೋಣ, ಆದ್ರೆ ಅದನ್ನ ತೋರಿಸಿ ಮುಂದಿನ ಹುಡುಗನಿಗೂ ಹಳೇ ವಿಮಾನ ಕೊಟ್ಟು ಕಳಿಸೋದು ನನ್ನ ಮನಸ್ಸಿಗೆ ಒಪ್ಪಲ್ಲ. ಇನ್ನೊಂದು ವಿಷಯ, ಈಗ ಆ ಥರ ಗಿರಕಿ ಹೊಡೆದು ಹೋರಾಡೋ ಅವಕಾಶಾನೇ ಕಮ್ಮಿ. ರಫೇಲಲ್ಲಿರೋ ಮೀಟಿಯೋರ್ ಕ್ಷಿಪಣಿ 100 ಕಿಲೋಮೀಟರಿಗಿಂತ ದೂರ ಹೋಗತ್ತೆ, ಅಂದ್ರೆ ಮಡಿಕೇರಿ ಮೇಲಿಂದ ಬಿಟ್ರೆ ಮೈಸೂರಿನ ಮೇಲೆ ಹಾರೋ ವಿಮಾನಕ್ಕೆ. ಅಂಥ ಕ್ಷಿಪಣಿ ಎದುರಾಳಿ ಹತ್ರ ಇದ್ದು ನಮ್ಮ ರೇಡಾರ್‌ಗೆ ಅವನು ಕಾಣ್ಲಿಲ್ಲ ಅಂದ್ರೆ, ಪೈಲಟ್ ಎಷ್ಟು ಗಟ್ಟಿ ಇದ್ರೂ ತನ್ನ ಗಟ್ಟಿತನ ತೋರ್ಸೋಕೆ ಸಮಯಾನೇ ಸಿಗಲ್ಲ.

ಪ್ರಶ್ನೆ (ಗೋಣಿಕೊಪ್ಪ): ನಮ್ಮ ಐನ್‌ಮನೆಲಿ ನನ್ನ ಅಜ್ಜನ ಕಾಲದ ತೋಕು (ಕೋವಿ) ಇದೆ. ಪ್ರತಿ ವರ್ಷ ಕೈಲ್‌ಪೊಳ್ದಿಗೆ (ನಮ್ಮ ಆಯುಧ ಪೂಜೆ ಹಬ್ಬಕ್ಕೆ) ಶುಚಿ ಮಾಡಿ, ತೋಕ್ ಪೂ ಇಟ್ಟು ಪೂಜೆ ಮಾಡ್ತೀವಿ, ಈಗಲೂ ತೆಂಗಿನಕಾಯಿಗೆ ಗುರಿ ಇಟ್ರೆ ತಪ್ಪಲ್ಲ. ನನಗೀಗ 78. ಚೆನ್ನಾಗಿ ನೋಡ್ಕೊಂಡ್ರೆ ಮಿಗ್ಗನ್ನೂ ಇನ್ನೂ ಓಡಿಸಬಹುದಿತ್ತಲ್ಲಪ್ಪ?

ಉತ್ತರ: ಅಜ್ಜಾ, ನಿಮ್ಮ ಪ್ರಶ್ನೆ ಓದಿ ನನಗೆ ನಮ್ಮನೆ ಕನ್ನಿಕೋಂಬರೆ (ಪೂಜೆ ಕೋಣೆ) ವಾಸನೆನೇ ಬಂದ ಹಾಗಾಯ್ತು. ತೋಕಿನ ನಳಿಗೆ ದಪ್ಪ ಉಕ್ಕು, ವರ್ಷಕ್ಕೆ ಎಷ್ಟು ಸಲ ಹಾರಿಸ್ತೀರಿ, ಬೆರಳೆಣಿಕೆ. ವಿಮಾನದ ಮೈ ಹಾಗಲ್ಲ, ತೆಳು ಅಲ್ಯೂಮಿನಿಯಂ ತಗಡು, ಅದು ಹಗುರ ಇರ್ಲೇಬೇಕು. ಗಾಳಿಯಲ್ಲಿ ಜೋರಾಗಿ ತಿರುಗಿದಾಗ ತನ್ನ ತೂಕದ ಆರೇಳು ಪಟ್ಟು ಭಾರ ರೆಕ್ಕೆ ಮೇಲೆ ಬೀಳತ್ತೆ, ಬಗ್ಗತ್ತೆ, ಇಳಿದಾಗ ಮತ್ತೆ ನೆಟ್ಟಗಾಗತ್ತೆ. ಬೇಲಿ ತಂತಿನ ಕೈಯಲ್ಲಿ ಹಿಡ್ಕೊಂಡು ಹಿಂದೆ ಮುಂದೆ ಬಗ್ಗಿಸ್ತಾ ಹೋಗಿ, ಹತ್ತು ಸಲ ಏನೂ ಆಗಲ್ಲ, ಒಂದು ಸಲ ಟಕ್ ಅಂತ ಮುರಿಯತ್ತೆ. ಅದೇ.

ನಾವು ಆ ಬಿರುಕು ಹುಡುಕ್ತಿದ್ದಿದ್ದು ಹೇಗೆ ಅಂದ್ರೆ, ಮೊದಲು ಆ ಭಾಗದ ಎಣ್ಣೆ, ಬಣ್ಣ ಎಲ್ಲ ತೆಗೆದು ಒರೆಸಿ, ಕೆಂಪು ಬಣ್ಣದ ತೆಳು ದ್ರವ ಬಳಿದು ಹತ್ತಿಪ್ಪತ್ತು ನಿಮಿಷ ಬಿಡೋದು, ಆಮೇಲೆ ಬಟ್ಟೆಯಲ್ಲಿ ಪೂರ್ತಿ ಒರೆಸಿ ಮೇಲೆ ಬಿಳೀ ಪೌಡರ್ ಥರದ್ದು ಸ್ಪ್ರೇ ಮಾಡೋದು. ಬಿರುಕು ಇಲ್ಲ ಅಂದ್ರೆ ಬಿಳೀ ಬಿಳಿಯಾಗೇ ಇರತ್ತೆ. ಒಂದಿನ ಬೆಳಗ್ಗೆ ಚಳಿಯಲ್ಲಿ ಲ್ಯಾಂಡಿಂಗ್ ಗೇರಿನ ಒಂದು ಫಿಟ್ಟಿಂಗ್ ಹೀಗೆ ನೋಡ್ತಿದ್ದೆ, ಟಾರ್ಚ್ ಹಿಡ್ಕೊಂಡು ಕಾದ್ರೆ ನಿಧಾನಕ್ಕೆ ಆ ಬಿಳಿ ಒಳಗಿಂದ ಕೂದಲೆಳೆಯಷ್ಟು ಒಂದು ಕೆಂಪು ಗೆರೆ ಮೂಡ್ತು, ಉಗುರಿನಷ್ಟು ಉದ್ದ ಇಲ್ಲ. ಹಿಂದಿನ ದಿನ ಆ ವಿಮಾನ ಎರಡು ಸಲ ಹಾರಿ ಬಂದಿತ್ತು. ಅದನ್ನ ಹಾರಿಸಿದ ಹುಡುಗ ನನ್ನ ಪಕ್ಕದಲ್ಲೇ ಟೀ ಗ್ಲಾಸ್ ಹಿಡ್ಕೊಂಡು ನಿಂತಿದ್ದ. ಆ ಗೆರೆ ಈಗಲೂ ನನ್ನ ಕಣ್ಣ ಮುಂದಿದೆ ಅಜ್ಜಾ.

ಮಿಗ್-21 ಬಂದಿದ್ದು 1963ರಲ್ಲಿ, ಕೊನೇದು ಚಂಡೀಗಢದಲ್ಲಿ ಇಳಿದಿದ್ದು 2025ರ ಸೆಪ್ಟೆಂಬರ್ 26ಕ್ಕೆ, 62 ವರ್ಷ. ನೋಡ್ಕೊಳ್ಳಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. 125 ವಿಮಾನಗಳನ್ನ ಬೈಸನ್ ಅಂತ ಅಪ್‌ಗ್ರೇಡ್ ಮಾಡಿದ್ರು, ಹೊಸ ರೇಡಾರ್, ಹೊಸ ಕ್ಷಿಪಣಿ, ಪೈಲಟ್ ತಲೆ ತಿರುಗಿಸಿದ ಕಡೆ ಗುರಿ ಇಡೋ ಹೆಲ್ಮೆಟ್. ಕಣ್ಣು, ಕಿವಿ ಹೊಸದಾಯ್ತು, ಎಲುಬು ಹಳೇದೇ. ಎಲುಬು ಗಟ್ಟಿ ಇರೋವಾಗ ಅಪ್‌ಗ್ರೇಡ್ ಮಾಡಿದ್ರೆ ಅದರಷ್ಟು ಒಳ್ಳೇ ಖರ್ಚು ಬೇರೆ ಇಲ್ಲ, ಸುಖೋಯ್-30 ನೋಡಿ, ಅದರ ಹೊಟ್ಟೆ ಭಾಗ ಬಲಪಡಿಸಿ ಎರಡೂವರೆ ಟನ್ ತೂಗೋ ಬ್ರಹ್ಮೋಸ್ ಕ್ಷಿಪಣಿ ಕಟ್ಟಿ, 2017ರ ನವೆಂಬರಲ್ಲಿ ಬಂಗಾಳ ಕೊಲ್ಲಿ ಮೇಲೆ ಹಾರಿಸಿ ಪರೀಕ್ಷೆ ಮಾಡಿದ್ರು. ವಿಮಾನ ಅದೇ, ಕೆಲಸ ಬೇರೆಯಾಯ್ತು.

ಪ್ರಶ್ನೆ (ಭಾಗಮಂಡಲ): ತೇಜಸ್ ವಿಮಾನಕ್ಕೆ ಅಂತ ಮಾಡಿದ ಎಂಜಿನ್‌ಗೆ ನಮ್ಮ ಕಾವೇರಮ್ಮನ ಹೆಸರು ಇಟ್ಟಿದ್ರಂತೆ, ಅದು ಏನಾಯ್ತು ಅಣ್ಣ? ಈಗ ಅಮೆರಿಕದಿಂದ ಎಂಜಿನ್ ಬರೋದು ಲೇಟ್ ಅಂತ ಪೇಪರಲ್ಲಿ ಬರ್ತಾ ಇದೆ.

ಉತ್ತರ: ಹೌದು ತಮ್ಮಾ, ಕಾವೇರಿ ಅಂತಲೇ ಹೆಸರು. ಬೆಂಗಳೂರಿನ ಜಿಟಿಆರ್‌ಇ ಲ್ಯಾಬ್‌ಗೆ 1989ರಲ್ಲಿ ಮಂಜೂರಾದ ಯೋಜನೆ. 2010ರಲ್ಲಿ ರಷ್ಯಾಕ್ಕೆ ಒಯ್ದು ದೊಡ್ಡ ಸಾಗಾಣೆ ವಿಮಾನಕ್ಕೆ ಕಟ್ಟಿ ಹಾರಿಸಿಯೂ ನೋಡಿದ್ರು. ಆದ್ರೆ ತೇಜಸ್‌ಗೆ ಬೇಕಾದಷ್ಟು ನೂಕುಬಲ ಬರ್ಲಿಲ್ಲ, ತೂಕವೂ ಜಾಸ್ತಿ ಆಯ್ತು, 2008ರಲ್ಲೇ ತೇಜಸ್‌ನಿಂದ ಅದನ್ನ ಬೇರೆ ಮಾಡಿದ್ರು. ಈಗ ಅದರ ಇನ್ನೊಂದು ರೂಪ ಪೈಲಟ್ ಇಲ್ಲದ ವಿಮಾನಕ್ಕೆ ಅಂತ ತಯಾರಾಗ್ತಿದೆ.

ಇದನ್ನ ಕೇಳಿ ಸುಮಾರು ಜನ ನಮ್ಮ ವಿಜ್ಞಾನಿಗಳನ್ನ ಬೈತಾರೆ, ನನಗೆ ಬಹಳ ನೋವಾಗತ್ತೆ. ಜೆಟ್ ಎಂಜಿನ್ ಒಳಗೆ ಏನಾಗತ್ತೆ ಅಂದ್ರೆ, ಉರಿಯೋ ಗಾಳಿ ಟರ್ಬೈನ್ ಬ್ಲೇಡ್‌ಗೆ ಬಡಿಯೋವಾಗ ಆ ಬ್ಲೇಡಿನ ಲೋಹ ಕರಗೋ ಬಿಸಿಗಿಂತ ಜಾಸ್ತಿ ಬಿಸಿ ಇರತ್ತೆ. ಆದ್ರೂ ಕರಗಬಾರದು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗ್ತಾನೇ ಇರ್ಬೇಕು. ಅದಕ್ಕೆ ಆ ಬ್ಲೇಡನ್ನ ಒಂದೇ ಹರಳಿನ ಹಾಗೆ ಬೆಳೆಸ್ತಾರೆ, ಒಳಗೆ ಸಣ್ಣ ಸಣ್ಣ ತೂತು ಕೊರೆದು ತಣ್ಣನೆ ಗಾಳಿ ಹಾಯಿಸ್ತಾರೆ. ಈ ವಿದ್ಯೆ ಗೊತ್ತಿರೋ ದೇಶಗಳು ಬೆರಳೆಣಿಕೆಯಷ್ಟು, ಯಾರೂ ಸುಮ್ನೆ ಹೇಳ್ಕೊಡಲ್ಲ.

ಅದರ ಪರಿಣಾಮ ಈಗ ನೋಡ್ತಿದ್ದೀವಿ. 2021ರಲ್ಲಿ 83 ತೇಜಸ್ ಮಾರ್ಕ್-1ಎಗೆ ಎಚ್‌ಎಎಲ್ ಜೊತೆ ಒಪ್ಪಂದ ಆಯ್ತು, ಅದೇ ವರ್ಷ ಅಮೆರಿಕದ ಜಿಇ ಕಂಪನಿಗೆ 99 ಎಂಜಿನ್ ಆರ್ಡರ್ ಹೋಯ್ತು, ಆ ಆರ್ಡರಿನ ಮೊದಲ ಎಂಜಿನ್ ಕೈಗೆ ಬಂದಿದ್ದು 2025ರ ಮಾರ್ಚಲ್ಲಿ. 2025ರ ಸೆಪ್ಟೆಂಬರಲ್ಲಿ ಇನ್ನೂ 97 ವಿಮಾನಕ್ಕೆ 62,370 ಕೋಟಿಯ ಒಪ್ಪಂದ ಆಗಿದೆ. ವಾಯುಪಡೆಗೆ ಮಂಜೂರಾದ ಫೈಟರ್ ಸ್ಕ್ವಾಡ್ರನ್, ಅಂದ್ರೆ ಯುದ್ಧವಿಮಾನಗಳ ತಂಡ, 42, ಮಿಗ್-21 ಹೋದ ಮೇಲೆ ಇದ್ದಿದ್ದು 29. ಮೈ ನಮ್ಮದು, ಹೃದಯ ಬೇರೆಯವರದ್ದು ಆದ್ರೆ ಹೀಗೇ ಆಗೋದು. ಎಂಜಿನ್ ಸಂಶೋಧನೆಗೆ ಎಷ್ಟು ಹಣ, ಎಷ್ಟು ತಾಳ್ಮೆ ಕೊಟ್ರೂ ಜಾಸ್ತಿ ಆಗಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ (ಕುಶಾಲನಗರ): ವಾಯುಪಡೆಗೆ 36 ರಫೇಲ್ ಸುಮಾರು 59,000 ಕೋಟಿಗೆ ಬಂತು. ನೌಕಾಪಡೆಗೆ ಬರೀ 26ಕ್ಕೆ ಸುಮಾರು 63,000 ಕೋಟಿ. ವಿಮಾನ ಕಮ್ಮಿ, ದುಡ್ಡು ಜಾಸ್ತಿ, ಇದು ಹೇಗೆ ಸರ್?

ಉತ್ತರ: ಲೆಕ್ಕ ಸರಿಯಾಗಿ ಹಿಡಿದಿದ್ದೀರಿ, ಆದ್ರೆ ಒಂದು 2016ರ ಬೆಲೆ, ಇನ್ನೊಂದು 2025ರ ಏಪ್ರಿಲ್‌ದು. ಜೊತೆಗೆ ಆ 63,000 ಕೋಟಿಯಲ್ಲಿ ಬರೀ ವಿಮಾನ ಇಲ್ಲ, ಆಯುಧ, ಸಿಮ್ಯುಲೇಟರ್, ತರಬೇತಿ, ಸ್ಪೇರು, ಐದು ವರ್ಷದ ನಿರ್ವಹಣೆ, ವಾಯುಪಡೆಯ ರಫೇಲ್‌ಗಳಿಗೆ ಬೇಕಾದ ಒಂದಿಷ್ಟು ಸಲಕರಣೆ ಎಲ್ಲ ಸೇರಿದೆ. ಸ್ಪೇರ್ ಇಲ್ಲದೆ ಹ್ಯಾಂಗರಲ್ಲಿ ನಿಂತ ವಿಮಾನದ ಮುಂದೆ ಕೈ ಕಟ್ಟಿ ಕೂತಿದ್ದೀನಿ ನಾನು, ಪಕ್ಕದ ವಿಮಾನದಿಂದ ಬಿಚ್ಚಿ ಇದಕ್ಕೆ ಹಾಕಿ ಹಾರಿಸಿದ್ದೀನಿ, ಹಾಗಾಗಿ ಸ್ಪೇರಿಗೆ ಮೊದಲೇ ದುಡ್ಡು ಎತ್ತಿಟ್ಟಿದ್ದು ನೋಡಿದ್ರೆ ನನಗೆ ಸಮಾಧಾನ.

ಇನ್ನು ನೌಕಾಪಡೆಯ ವಿಮಾನ ಹಡಗಿನ ಮೇಲೆ ಇಳಿಯೋದು ಅಂದ್ರೆ ನೆಲದ ಮೇಲೆ ಇಳಿದ ಹಾಗಲ್ಲ. ನಮ್ಮ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್ ಉದ್ದ 262 ಮೀಟರ್, ಅದರಲ್ಲಿ ಇಳಿಯೋಕೆ ಸಿಗೋದು ಒಂದು ಭಾಗ ಅಷ್ಟೇ, ಅದೂ ಸಮುದ್ರದಲ್ಲಿ ಓಲಾಡ್ತಾ ಇರತ್ತೆ. ವಿಮಾನದ ಬಾಲದ ಹತ್ರ ಒಂದು ಕೊಕ್ಕೆ, ಡೆಕ್ ಮೇಲೆ ಅಡ್ಡ ಎಳೆದ ಉಕ್ಕಿನ ಹಗ್ಗ, ಕೊಕ್ಕೆ ಸಿಕ್ಕಿದ್ರೆ ಎರಡು ಮೂರು ಸೆಕೆಂಡಲ್ಲಿ ನಿಲ್ಲತ್ತೆ, ಸಿಗದಿದ್ರೆ ತಕ್ಷಣ ಮತ್ತೆ ಮೇಲೇರ್ಬೇಕು, ಅದಕ್ಕೆ ಪೈಲಟ್ ಡೆಕ್ ಮುಟ್ಟೋ ಹೊತ್ತಿಗೆ ಎಂಜಿನ್ ಪೂರ್ತಿ ಜೋರು ಮಾಡಿರ್ತಾನೆ. ಆ ಹೊಡೆತ ತಡೆಯೋಕೆ ಕಾಲು, ಬೆನ್ನು ಎಲ್ಲ ಬೇರೆಯೇ ಗಟ್ಟಿ. ಮೇಲಿಂದ ಉಪ್ಪು ಗಾಳಿ ಬೇರೆ. ಕಕ್ಕಡದ ಮಳೆಯಲ್ಲಿ ನಮ್ಮ ಒಡಿಕತ್ತಿಗೆ ನಾಲ್ಕು ದಿನ ಎಣ್ಣೆ ತಪ್ಪಿದ್ರೆ ಏನಾಗತ್ತೆ ಗೊತ್ತಲ್ಲ, ಉಪ್ಪು ಅದಕ್ಕಿಂತ ಕೆಟ್ಟದ್ದು.

ಹಳೇದು ಕಮ್ಮಿ ಬೆಲೆಗೆ ಸಿಗತ್ತೆ ಅಂತ ಹೋದ್ರೆ ಏನಾಗತ್ತೆ ಅನ್ನೋದಕ್ಕೂ ನಮ್ಮ ನೌಕಾಪಡೆಯಲ್ಲೇ ಉದಾಹರಣೆ ಇದೆ. ಈಗ ಕಾರವಾರದಲ್ಲಿ ನಿಲ್ಲೋ ವಿಕ್ರಮಾದಿತ್ಯ, ರಷ್ಯಾದ ಹಳೇ ಗೋರ್ಷ್ಕೋವ್ ಹಡಗು. ಮೊದಲು 97 ಕೋಟಿ ಡಾಲರ್ ಅಂದ್ರು, ಬಿಚ್ಚಿ ರಿಪೇರಿ ಮಾಡ್ತಾ ಮಾಡ್ತಾ 235 ಕೋಟಿ ಡಾಲರ್ ಆಯ್ತು, ಬರೋವಾಗ 2013 ಕಳೀತು. ಹಡಗು ಒಳ್ಳೇದೇ, ದಿನಾ ದುಡೀತಿದೆ. ಆದ್ರೆ ಕೊಚ್ಚಿಯಲ್ಲಿ ನಾವೇ ಕಟ್ಟಿ 2022ರ ಸೆಪ್ಟೆಂಬರ್ 2ಕ್ಕೆ ಸೇವೆಗೆ ಸೇರಿಸಿದ ವಿಕ್ರಾಂತ್‌ಗೆ ಸುಮಾರು 20,000 ಕೋಟಿ ಆಯ್ತು, ಆ ಹಣದಲ್ಲಿ ದೊಡ್ಡ ಪಾಲು ನಮ್ಮ ದೇಶದೊಳಗೇ ಉಳೀತು, ಹಡಗು ಕಟ್ಟೋ ಉಕ್ಕು ಮಾಡೋದನ್ನೂ ಕಲಿತ್ವಿ.

ಪ್ರಶ್ನೆ (ಸೋಮವಾರಪೇಟೆ): ಅಮೆರಿಕದ ಎಫ್-35 ತಗೋಬೇಕಾ, ರಷ್ಯಾದ ಸುಖೋಯ್-57 ತಗೋಬೇಕಾ?

ಉತ್ತರ: ನನ್ನ ಕೇಳಿದ್ರೆ ರೇಡಾರ್‌ಗೆ ಸುಲಭಕ್ಕೆ ಕಾಣದ ನಮ್ಮದೇ ಫೈಟರ್ ಎಎಂಸಿಎ ಬೇಗ ಮುಗಿಸ್ಬೇಕು. 2024ರಲ್ಲಿ ಸುಮಾರು 15,000 ಕೋಟಿ ಮಂಜೂರಾಗಿದೆ. ಹೊರಗಿಂದ ತಂದ್ರೆ ಪ್ರತಿ ಸ್ಕ್ರೂಗೂ ಅವರ ಬಾಗಿಲು ತಟ್ಬೇಕು.

ಪ್ರಶ್ನೆ (ನಾಪೋಕ್ಲು): ಅಂಕಲ್, ನಾನು ಸೆಕೆಂಡ್ ಪಿಯುಸಿ ಓದ್ತಿದ್ದೀನಿ, ಫಿಸಿಕ್ಸು ಮ್ಯಾಥ್ಸು ತಗೊಂಡಿದ್ದೀನಿ. ಏರ್‌ಫೋರ್ಸ್ ಅಥವಾ ನೇವಿ ಸೇರ್ಬೇಕು ಅಂತ ಬಹಳ ಆಸೆ. ಮಿಗ್ ಬಿದ್ದ ಸುದ್ದಿಗಳನ್ನೆಲ್ಲ ನೋಡಿ ನೋಡಿ ಅಮ್ಮ ಬೇಡ್ವೇ ಬೇಡ ಅಂತಾರೆ. ಏನ್ ಹೇಳ್ಲಿ?

ಉತ್ತರ: ಮಗಳೇ, ಅಮ್ಮನ ಭಯ ಸುಳ್ಳಲ್ಲ, ಅದನ್ನ ಬಾಯಿ ಮಾತಲ್ಲಿ ತೆಗೆದು ಹಾಕ್ಬೇಡ. ಮೇಲೆ ಗೋಣಿಕೊಪ್ಪದ ಅಜ್ಜನಿಗೆ ಬರ್ದಿದ್ದನ್ನ ಅವರಿಗೆ ಓದಿ ಹೇಳು, ಆ ವಿಮಾನ ಈಗ ಹಾರ್ತಿಲ್ಲ ಅಂತಾನೂ ಹೇಳು. ನಿನ್ನ ಸಬ್ಜೆಕ್ಟ್ ಸರಿಯಾಗಿದೆ, ಎನ್‌ಡಿಎ, ಅಂದ್ರೆ ಮೂರೂ ಸೇನೆಗೆ ಅಧಿಕಾರಿಗಳನ್ನ ತಯಾರು ಮಾಡೋ ಅಕಾಡೆಮಿ, ಅದರ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯತ್ತೆ, ಹುಡುಗೀರು 2022ರಿಂದ ಅಲ್ಲಿ ತರಬೇತಿ ತಗೋತಿದ್ದಾರೆ, ಮೊದಲ ಬ್ಯಾಚಿನ 17 ಜನ 2025ರ ಮೇನಲ್ಲಿ ಮುಗಿಸಿ ಹೊರಗೆ ಬಂದ್ರು. ಅದು ಆಗ್ಲಿಲ್ಲ ಅಂದ್ರೆ ಎಂಜಿನಿಯರಿಂಗ್ ಓದಿ ಏರ್‌ಫೋರ್ಸಿನ ಆಫ್‌ಕ್ಯಾಟ್ ಪರೀಕ್ಷೆ ಬರಿ, ಟೆಕ್ನಿಕಲ್ ಬ್ರಾಂಚಿಗೆ ಹೋಗಬಹುದು. ಹಾರೋದೊಂದೇ ಕೆಲಸ ಅಂತ ಅಂದ್ಕೋಬೇಡ, ಆ ಕೆಂಪು ಗೆರೆ ಹುಡುಕೋರೂ ಬೇಕು, ತೇಜಸ್‌ನಂಥ ಹೊಸ ವಿಮಾನಗಳ ಹೊರಮೈಯಲ್ಲಿ ತಗಡಿಗಿಂತ ಕಾರ್ಬನ್ ಫೈಬರ್ ಜಾಸ್ತಿ, ಅದರ ಒಳಗಿನ ಬಿರುಕು ಹುಡುಕೋಕೆ ಅಲ್ಟ್ರಾಸೌಂಡ್ ಬೇಕು, ನಾನು ಕಲಿತಿದ್ದಕ್ಕಿಂತ ಬಹಳ ಮುಂದಿನ ವಿದ್ಯೆ ಅದು. ಅಮ್ಮ ಏನಂದ್ರು ಅಂತ ಮುಂದಿನ ಸಂಚಿಕೆಯೊಳಗೆ ಬರಿ, ಅವರಿಗೇ ಏನಾದ್ರೂ ಕೇಳೋದಿದ್ರೂ ಬರೀಲಿ.