ಅಡಿಕೆ ಕೃಷಿಕರಾದ ಅಪ್ಪನಿಗೆ, ಊರಿನವರಿಗೆ ಹವಾಮಾನ ಬದಲಾವಣೆ ನಂಬಿಸುವುದು ಹೇಗೆ?

ನೀವು ಕೇರಳದ ಕಾಸರಗೋಡು ಜಿಲ್ಲೆಯ ಪುತ್ತಿಗೆ ಕಡೆಯವರು. ಹವಾಮಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೀರಿ. ರಜೆಗೆ ಊರಿಗೆ ಬಂದರೆ ಮನೆಯಲ್ಲಿ ಯಾರೂ ನಿಮ್ಮ ಮಾತು ನಂಬುವುದಿಲ್ಲ, ಸೋಲಾರ್ ಹಾಕಿಸಿ ಅಂದರೆ ನಗುತ್ತಾರೆ. ಇದೇ ಅಲ್ವಾ ಪ್ರಶ್ನೆ? ಊರಿನ ಹೆಸರೊಂದು ಬದಲಿಸಿದರೆ ಅದು ನಾನೇ. ನಮ್ಮದು ಅದೇ ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಎರಡು ಗುಡ್ಡೆಗಳ ನಡುವಿನ ಅಡಿಕೆ ತೋಟ. ನಾನು ಮಳೆಗಾಲದ ಮೇಲೆ ಸಂಶೋಧನೆ ಮಾಡಿ ಈಗ ಅದರಲ್ಲೇ ಸಂಬಳ ಎಣಿಸುವವನು.

2023ರ ಮೇ ಕೊನೆಯಲ್ಲಿ ಅಪ್ಪ ಫೋನ್ ಮಾಡಿದರು. ಕೊಳೆರೋಗ ಬಾರದ ಹಾಗೆ ಮಳೆಗೆ ಮೊದಲು ಅಡಿಕೆ ಗೊನೆಗೆ ಹೊಡೆಯುವ ಮದ್ದಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ತಂದಾಗಿತ್ತು. ಮರ ಹತ್ತುವವರು ಎರಡು ದಿನದಲ್ಲಿ ಬರುತ್ತೇವೆ ಅಂದಿದ್ದರು. "ಈ ಸಲ ಮಳೆ ಹೇಗೆ?" ಅಂತ ಕೇಳಿದರು. ಜೀವಮಾನದಲ್ಲಿ ಮೊದಲ ಸಲ ನನ್ನ ಓದಿನ ಬಗ್ಗೆ ಅಪ್ಪ ಕೇಳಿದ ಪ್ರಶ್ನೆ ಅದು. ನಾನು ಉಬ್ಬಿಹೋದೆ. ಎಲ್ ನಿನೋ (ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮಳೆ ಕುಗ್ಗಿಸುವ ವಿದ್ಯಮಾನ) ಬರುತ್ತಿದೆ, ಮಳೆ ತಡ, ಇದ್ದರೂ ಕಡಿಮೆ, ಮೊದಲ ಮದ್ದಿಗೆ ಅವಸರ ಬೇಡ, ನೋಡಿಕೊಂಡು ಹೊಡೆಯುವಾ ಅಂದೆ. ಅಪ್ಪ ಜನ ಬೇಡ ಅಂತ ಹೇಳಿ ಕಳಿಸಿದರು. ಮಗ ವಿಜ್ಞಾನಿ ಹೇಳಿದ್ದಾನೆ ಅಂತ ಪಕ್ಕದ ತೋಟದ ಮಾವನೂ ನಿಲ್ಲಿಸಿದರು.

ಜೂನ್‌ನಲ್ಲಿ ನಾನು ಹೀರೋ. ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಕೂತಿತ್ತು. ಕೇರಳಕ್ಕೆ ಮುಂಗಾರು ಬಂದದ್ದೇ ಜೂನ್ 8ಕ್ಕೆ. ಆ ತಿಂಗಳು ರಾಜ್ಯದಲ್ಲಿ ವಾಡಿಕೆಗಿಂತ 60% ಕಡಿಮೆ ಮಳೆ. ಜುಲೈ ಶುರುವಾಗುತ್ತಲೇ ಹಿಡಿಯಿತು ನೋಡಿ. ಬಿಡುವೇ ಇಲ್ಲ. ಮರ ಜಾರುತ್ತದೆ, ಹತ್ತುವವರು ಬರುವುದಿಲ್ಲ. ಬಂದರೂ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಕಾಯಿಗೆ ಹಿಡಿಯಬೇಕಾದರೆ ಸ್ವಲ್ಪ ಹೊತ್ತಾದರೂ ಒಣಗಬೇಕಲ್ಲ. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ನಾನು ಊರಿಗೆ ಹೋಗುವಾಗ ಮರದ ಬುಡದಲ್ಲೆಲ್ಲ ಎಳೆ ಅಡಿಕೆ ಬಿದ್ದಿತ್ತು. ತೊಟ್ಟಿನ ಹತ್ತಿರ ನೀರು ಹೀರಿದ ಹಾಗೆ ಕಪ್ಪು ಹಸಿರು ಕಲೆ, ಅದರ ಮೇಲೆ ಬೆಳ್ಳಗೆ ಬೂಷ್ಟು. ಕೈಯಲ್ಲಿ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಕೊಳೆರೋಗ. ಅರ್ಧಕ್ಕಿಂತ ಜಾಸ್ತಿ ಫಸಲು ಹೋಯಿತು. ಮಾವನದ್ದೂ ಅದೇ ಕಥೆ. ಮೇ ಕೊನೆಗೇ ಮದ್ದು ಹೊಡೆದ ಆಚೆ ಮನೆಯವರ ಗೊನೆಗಳು ಮರದಲ್ಲೇ ಇದ್ದವು.

ಈಗ ತಮಾಷೆ ಕೇಳಿ. ನಾನು ಹೇಳಿದ್ದು ಸುಳ್ಳಾಗಲಿಲ್ಲ! ಆ ವರ್ಷದ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಕೇರಳದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆ ವಾಡಿಕೆಗಿಂತ 34% ಕಡಿಮೆ. ಲೆಕ್ಕದಲ್ಲಿ ನಾನು ಪಾಸು, ತೋಟದಲ್ಲಿ ಫೇಲು.

ಎಲ್ಲಿ ತಪ್ಪಿದೆ ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವವರಿದ್ದೀರಿ. ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಕೊಡುವ ಮುನ್ಸೂಚನೆ ಇಡೀ ದೇಶದ್ದು, ನಾಲ್ಕು ತಿಂಗಳ ಒಟ್ಟು ಮಳೆಯದ್ದು. ದೇಶದ ಸರಾಸರಿ 87 ಸೆಂಟಿಮೀಟರ್. ಅದರ 96% ಬರಬಹುದು ಅಂತ ಆ ವರ್ಷ ಹೇಳಿದ್ದರು. ನಮ್ಮ ಜಿಲ್ಲೆಯಲ್ಲಿ ಒಳ್ಳೇ ಜುಲೈ ಒಂದರಲ್ಲೇ ಅಷ್ಟು ಸುರಿಯುತ್ತದೆ. ಅಂದರೆ ದೇಶದ ಅಂಕಿ ನಮ್ಮ ಗುಡ್ಡೆಯ ಸಂದಿಗೆ ಏನೂ ಹೇಳುವುದಿಲ್ಲ. ಇದು ಮೊದಲ ಎಡವಟ್ಟು, ಎಲ್ಲರಿಗೂ ಗೊತ್ತಿರುವಂಥದ್ದು. ಎರಡನೆಯದ್ದು, ಕೊಳೆರೋಗದ ರೋಗಾಣುವಿಗೆ ಒಟ್ಟು ಮಳೆ ಬೇಡ. ಬಿಡದೆ ಕೆಲವು ದಿನ ಹೊಡೆಯುವ ಮಳೆ, ತಂಪು, ನಡುವೆ ಒಂದಿಷ್ಟು ಬಿಸಿಲು, ಇಷ್ಟು ಸಾಕು. ಆಮೇಲೆ ಎರಡು ತಿಂಗಳು ಬರಗಾಲ ಬಂದರೂ ಉದುರಿದ್ದು ಮತ್ತೆ ಗೊನೆಗೆ ಅಂಟಿಕೊಳ್ಳುವುದಿಲ್ಲ.

ನಿಜವಾದ ತಪ್ಪು ಮೂರನೆಯದ್ದು. ಅಪ್ಪ ಕೇಳಿದ್ದು ಮಳೆಯ ಬಗ್ಗೆ ಅಲ್ಲವೇ ಅಲ್ಲ, ಮದ್ದಿನ ಬಗ್ಗೆ. ಮದ್ದು ಹೊಡೆದು ಮಳೆ ಬಾರದಿದ್ದರೆ ಹೋಗುವುದು ಏನು? 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಆ ಲೆಕ್ಕದಲ್ಲಿ ಕೆಲವು ಡ್ರಮ್ಮು, ಜೊತೆಗೆ ಆಳಿನ ಸಂಬಳ. ಬಿಡದೆ ಮಳೆ ಬಂದರೆ ಹೋಗುವುದು ವರ್ಷದ ಅಡಿಕೆ. ಮಳೆ ಕಡಿಮೆ ಅಂತ ನನಗೆ ಮುಕ್ಕಾಲು ಪಾಲು ಖಾತ್ರಿ ಇದ್ದರೂ ಉತ್ತರ "ಮದ್ದು ಹೊಡೆಯಿರಿ" ಅಂತಲೇ ಆಗಬೇಕಿತ್ತು. ನಾನು "ಏನಾಗುತ್ತದೆ" ಅಂತ ಮಾತ್ರ ಯೋಚಿಸಿದೆ, "ನಾನು ತಪ್ಪಿದರೆ ಯಾರಿಗೆ ಎಷ್ಟು ನಷ್ಟ" ಅಂತ ಯೋಚಿಸಲಿಲ್ಲ. ಇದನ್ನು ಯಾವ ಗೈಡೂ ನನಗೆ ಹೇಳಿಕೊಡಲಿಲ್ಲ. ಮಾವ ಇವತ್ತಿಗೂ ಮದುವೆ ಮನೆಯಲ್ಲಿ ಸಿಕ್ಕಿದರೆ "ನಾಳೆ ಬಿಸಿಲುಂಟಾ?" ಅಂತ ಕೇಳಿ ನಗುತ್ತಾರೆ. ನಗುವುದೇ ಸೈ, ಅವರ ಒಂದು ವರ್ಷದ ಆದಾಯ ಅಲ್ವಾ.

ಇನ್ನು ನಿಮ್ಮ ಪ್ರಶ್ನೆ. ಊರಿನವರು ನಂಬುವುದಿಲ್ಲ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಅವರಿಗೆ ನಿಮಗಿಂತ ಮೊದಲೇ ಗೊತ್ತು. ಮೊದಲಿನ ಹಾಗೆ ಜಿಟಿಜಿಟಿ ಮಳೆ ಇಲ್ಲ, ಬಂದರೆ ಒಟ್ಟಿಗೆ ಸುರಿದು ಹೋಗುತ್ತದೆ, ಫೆಬ್ರವರಿಯಲ್ಲೇ ಸೆಕೆ ತಡೆಯುವುದಿಲ್ಲ, ಎಲೆಚುಕ್ಕೆ ರೋಗ ಬಿಡುತ್ತಿಲ್ಲ. ಇದನ್ನೆಲ್ಲ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಅವರೇ ಹೇಳುವುದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ನೀರಾವಿ ಹಿಡಿಯುತ್ತದೆ, ಅದಕ್ಕೇ ಬಿಡುವು ಉದ್ದ, ಸುರಿತ ಜೋರು. ನೀವು ಇದನ್ನು ಹೇಳಿದರೆ ಅವರು ಕಂಡದ್ದಕ್ಕೆ ಕಾರಣ ಕೊಟ್ಟ ಹಾಗಾಯಿತು. "ಇಂಗಾಲದ ಡೈಆಕ್ಸೈಡ್ 280ರಿಂದ 420 ಪಿಪಿಎಂ ದಾಟಿದೆ" ಅಂತ ಶುರು ಮಾಡಿದರೆ ಒಳಗೆ ಎದ್ದು ಹೋಗುತ್ತಾರೆ. ನಾನಾದರೂ ಹೋಗುತ್ತೇನೆ.

ಅವರಿಗೆ ನಂಬಿಕೆ ಇಲ್ಲದ್ದು ಹವಾಮಾನದ ಮೇಲೆ ಅಲ್ಲ, ಹೊರಗಿನಿಂದ ಬಂದು ಹೇಳುವವರ ಮೇಲೆ. ಯಾಕಿರಬೇಕು ಹೇಳಿ? ಎಣ್ಮಕಜೆ, ಪಡ್ರೆ ಊರುಗಳು ನಿಮ್ಮ ಮನೆಯಿಂದ ದೂರ ಏನಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ವಿಷದ ಕೀಟನಾಶಕ ಸುರಿದರು. ಏನೂ ಆಗುವುದಿಲ್ಲ ಅಂತ ಹೇಳಿದವರಲ್ಲಿ ಓದಿದವರೇ ಇದ್ದರು. ದೇಶವಿಡೀ ನಿಲ್ಲಿಸಲು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಬೇಕಾಯಿತು. ಅಷ್ಟೆಲ್ಲ ನೋಡಿದವರು ನಿಮ್ಮ ಪವರ್‌ಪಾಯಿಂಟ್ ಕಂಡು ಕಣ್ಣರಳಿಸಬೇಕಾ? ಅನುಮಾನ ಪಡುವ ಹಕ್ಕು ಅವರಿಗಿದೆ. ನನಗೆ ಗೊತ್ತಿರುವ ಕೆಲವು ವಿಜ್ಞಾನಿಗಳಿಗಿಂತ ಅವರ ಅನುಮಾನ ಆರೋಗ್ಯವಾಗಿದೆ.

ಹಾಗಾಗಿ ನಂಬಿಸಲು ಹೋಗಬೇಡಿ. ಅವರು ಕೇಳಿದ್ದಕ್ಕೆ ಉತ್ತರ ಕೊಡಿ, ಅಷ್ಟೇ. ಮದ್ದು ಯಾವತ್ತು ಹೊಡೆಯುವುದು ಅಂತ ಕೇಳಿದರೆ ಮುಂದಿನ ನಾಲ್ಕೈದು ದಿನದ ಮುನ್ಸೂಚನೆ ನೋಡಿ, ಒಣ ಬಿಡುವು ಎಲ್ಲಿದೆ ಅಂತ ಹೇಳಿ. ಇವತ್ತು ಅದು ಸಾಕಷ್ಟು ಸರಿ ಬರುತ್ತದೆ. ನಮ್ಮ ಕಡೆ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುವ ಕೃಷಿಕರು ಇದ್ದಾರೆ. ಅಂಥವರ ಹಳೇ ಪುಸ್ತಕ ಕೇಳಿ ತೆಗೆದು ನೋಡಿ. ನಿಮ್ಮ ಪ್ರಬಂಧಕ್ಕೂ ಬರುತ್ತದೆ, ಮಾತಿಗೂ ದಾರಿಯಾಗುತ್ತದೆ.

ಸೋಲಾರ್ ಬಗ್ಗೆಯೂ ನಿಮ್ಮ ದಾರಿ ಸರಿ ಇಲ್ಲ ಅನಿಸುತ್ತದೆ. ಭೂಮಿ ಉಳಿಸಲು ಪ್ಯಾನೆಲ್ ಹಾಕಿಸಿ ಅಂತ ಅಡಿಕೆ ಕೃಷಿಕರಿಗೆ ಹೇಳಬೇಡಿ. ಅವರು ಅರ್ಧ ಎಕರೆಯಲ್ಲಿ ಹೊರಗೆ ಬಿಡುವ ಇಂಗಾಲ ಎಷ್ಟು ಮಹಾ! ದೇಶದಲ್ಲಿ ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಗ್ಯಾಸ್ ಅಲ್ಲದ ಮೂಲಗಳದ್ದು ಅಂತ 2025ರಲ್ಲಿ ಸುದ್ದಿಯಾಯಿತು. ಒಳ್ಳೆಯದೇ. ಆದರೆ ರಾತ್ರಿ ಫ್ಯಾನ್ ತಿರುಗಿಸುವುದು ಇನ್ನೂ ಹೆಚ್ಚಾಗಿ ಕಲ್ಲಿದ್ದಲೇ. ಅದನ್ನು ಬದಲಿಸುವ ಹೊಣೆ ದೊಡ್ಡವರದ್ದು, ನಿಮ್ಮ ಅಪ್ಪನದ್ದಲ್ಲ. ಅಪ್ಪನಿಗೆ ಕರೆಂಟು ಬಿಲ್ಲು ತೋರಿಸಿ. ಮನೆ ಮಾಡಿಗೆ 3 ಕಿಲೋವ್ಯಾಟ್ ಹಾಕಿದರೆ ಕೇಂದ್ರದ ಸಬ್ಸಿಡಿ 78,000 ರೂಪಾಯಿ ತನಕ ಸಿಗುತ್ತದೆ. ಜೂನ್, ಜುಲೈಯಲ್ಲಿ ನಮ್ಮಲ್ಲಿ ಕರೆಂಟು ಹುಟ್ಟುವುದು ಕಡಿಮೆ ಅಂತಲೂ ಮೊದಲೇ ಹೇಳಿಬಿಡಿ. ಮುಚ್ಚಿಟ್ಟರೆ ಆಮೇಲೆ ನನ್ನ ಮಾವನ ಥರ ಒಬ್ಬರು ನಿಮಗೂ ಆಗುತ್ತಾರೆ.

ಬೋರಿಗೆ ಮಾತ್ರ ಸೋಲಾರ್ ಪಂಪ್ ಬೇಡ. ಇದರಲ್ಲಿ ನಾನು ಹಟವಾದಿ, ಸಹೋದ್ಯೋಗಿಗಳ ಜೊತೆ ಜಗಳವೂ ಆಗಿದೆ. ಬಿಸಿಲು ಪುಕ್ಕಟೆ ಅಂತ ದಿನವಿಡೀ ಎಳೆಯುತ್ತಾರೆ, ಕೆಳಗಿನ ನೀರು ಪುಕ್ಕಟೆ ಅಲ್ಲ. ಮೂರು ಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆಯಲ್ಲಿ ಏಪ್ರಿಲ್‌ಗೆ ಬಾವಿ ತಳ ಕಾಣುವುದು ಮಳೆ ಸಾಲದೆ ಅಲ್ಲ. ಮುರಕಲ್ಲಿನ ಗುಡ್ಡೆ ನೀರು ಹಿಡಿಯುವುದಿಲ್ಲ, ನಾವು ಹಿಡಿಸುವುದನ್ನೂ ಬಿಟ್ಟೆವು. ತೋಡಿಗೆ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಕಟ್ಟುವುದು ಏತಡ್ಕದಂಥ ಕಡೆ ಇನ್ನೂ ಉಂಟು, ಹೋಗಿ ನೋಡಿ. ನಿಮ್ಮ ಜಾಗದಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಹಳೇ ಸುರಂಗ ಇದ್ದರೆ ಬೋರ್ ಲಾರಿ ಕರೆಸುವ ಮೊದಲು ಅದರ ಮಣ್ಣು ತೆಗೆಸಿ. ಗೊತ್ತಿರುವವರನ್ನೇ ಕರೆಸಿ, ಒಳಗೆ ಗಾಳಿ ಇರುವುದಿಲ್ಲ, ನೀವು ನುಗ್ಗಬೇಡಿ. ನಮ್ಮಲ್ಲಿ ಹಾಗೆ ಮಾಡಿಸಿದ್ದೇವೆ. ಖರ್ಚು, ಜನ ಸಿಗುವುದು ಹೇಗೆ ಅಂತೆಲ್ಲ ಬೇಕಿದ್ದರೆ ಬೇರೆ ಪ್ರಶ್ನೆ ಹಾಕಿ, ಬರೆಯುತ್ತೇನೆ.