ದಾಲ್ ಮಿಲ್ ಸದ್ದು: ವಾಚ್ ತೋರಿಸುವ 91 ಡೆಸಿಬಲ್ ನಂಬಬಹುದೇ?

ನಿಮ್ಮ ಕಾಕಾ ಕಲಬುರಗಿಯ ದಾಲ್ ಮಿಲ್‌ನಲ್ಲಿ ರೋಲರ್ ಪಕ್ಕ ನಿಂತಾಗ ಅವರ ಸ್ಮಾರ್ಟ್ ವಾಚ್ 91 ಡೆಸಿಬಲ್ ಸದ್ದು, 118 ನಾಡಿ ತೋರಿಸುತ್ತದೆ, ಕಿವಿಗೆ ಅಪಾಯವಿದೆಯೇ ಎಂದು ಕೇಳಿದ್ದೀರಿ. ಅಪಾಯ ಇದೆ. ಆದರೆ ಅದನ್ನು ಹೇಳುವುದು ಆ 91 ಒಂದೇ ಅಲ್ಲ, ಅವರು ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನುವುದು.

ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಯೋಶ್ ಸಂಸ್ಥೆಯ ಶಿಫಾರಸು ದಿನಕ್ಕೆ 8 ಗಂಟೆ, 85 ಡೆಸಿಬಲ್. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. ಕಾಕಾ ರೋಲರ್ ಹತ್ತಿರ 2 ಗಂಟೆ, ಆಮೇಲೆ 88 ಡೆಸಿಬಲ್ ಇರುವ ಜರಡಿ ಕಡೆ 4 ಗಂಟೆ ಇದ್ದರೆ ಒಂದೊಂದರಲ್ಲೂ ಪೂರ್ತಿ ಪಾಲು ಮುಗಿಯಿತು. ಒಟ್ಟು ದಿನದ ಮಿತಿಯ ಎರಡು ಪಟ್ಟು. ನಮ್ಮ ಕಾರ್ಖಾನೆ ನಿಯಮಗಳ ಮಿತಿ 8 ಗಂಟೆಗೆ 90 ಡೆಸಿಬಲ್. ನನ್ನ ಅಭಿಪ್ರಾಯದಲ್ಲಿ ಅದು ಬಹಳ ಸಡಿಲ, ಕಿವಿ ಉಳಿಯಬೇಕಾದರೆ 85 ಹಿಡಿದೇ ಲೆಕ್ಕ ಹಾಕಿ.

ಈಗ ವಾಚ್ ವಿಷಯ. ಅದು 3 ಡೆಸಿಬಲ್ ಆಚೀಚೆ ಆದರೂ 91 ಅನ್ನುವುದು ನಿಜದಲ್ಲಿ 88 ಇರಬಹುದು, 94 ಇರಬಹುದು. ಅಂದರೆ ನಿಲ್ಲಬಹುದಾದ ಹೊತ್ತು 4 ಗಂಟೆಯೋ 1 ಗಂಟೆಯೋ! ತಪ್ಪಲು ಕಾರಣಗಳೂ ಬೇಕಾದಷ್ಟಿವೆ. ಮಣಿಕಟ್ಟು ಮಷಿನ್ ಹತ್ತಿರ ಹೋದರೆ ಅಂಕಿ ಏರುತ್ತದೆ, ಅಂಗಿ ತೋಳು ಮುಚ್ಚಿದರೆ ಇಳಿಯುತ್ತದೆ. ಬ್ಲೋವರ್ ಗಾಳಿ ನೇರ ಬಡಿದರೆ ಮೈಕ್ ಅದನ್ನೂ ದೊಡ್ಡ ಸದ್ದು ಎಂದೇ ಎಣಿಸುತ್ತದೆ. ತೊಗರಿ ಹೊಟ್ಟಿನ ಧೂಳು ಸೂಜಿಮೊನೆಯಷ್ಟಿರುವ ಮೈಕ್ ರಂಧ್ರದಲ್ಲಿ ಕೂತರೆ ವಾರದಿಂದ ವಾರಕ್ಕೆ ಅಂಕಿ ಕುಗ್ಗುತ್ತಾ ಹೋಗಿ, ಮಿಲ್ಲೇ ಮೆತ್ತಗಾಯಿತೇನೋ ಅನ್ನಿಸುತ್ತದೆ. ಯಾವ ಜಾಗದಲ್ಲಿ ಸದ್ದು ಹೆಚ್ಚು, ಯಾವಾಗ ಹೆಚ್ಚು ಎಂದು ತಿಳಿಯಲು ವಾಚ್ ಸಾಕು. ನಿಖರ ಅಂಕಿಗೆ ಸಾಲದು.

ನಿಖರವಾಗಿ ಅಳೆಯುವುದು ನಾಯ್ಸ್ ಡೋಸಿಮೀಟರ್, ಅಂದರೆ ಪಾಳಿಯುದ್ದಕ್ಕೂ ಮೈಮೇಲೆ ಧರಿಸಿ ಕಿವಿಗೆ ಬಿದ್ದ ಒಟ್ಟು ಸದ್ದು ಅಳೆಯುವ ಸಾಧನ. ಅದರ ಮೈಕನ್ನು ಭುಜದ ಮೇಲೆ, ಕಿವಿಯಿಂದ ಸುಮಾರು 10 ಸೆಂ.ಮೀ. ದೂರದಲ್ಲಿ, ಸ್ಪಂಜಿನ ಟೋಪಿ ಹಾಕಿ ಸಿಕ್ಕಿಸಬೇಕು. ಚೀಲ ಹೊರುವ ಭುಜಕ್ಕೆ ಬೇಡ, ಗೋಣಿ ಉಜ್ಜಿದ ಸದ್ದೇ ಮಷಿನ್ ಸದ್ದಾಗಿ ದಾಖಲಾಗುತ್ತದೆ. ಪಾಳಿಗೆ ಮೊದಲು ಮತ್ತು ಕೊನೆಗೆ 1000 ಹರ್ಟ್ಜ್, 94 ಡೆಸಿಬಲ್ ಕ್ಯಾಲಿಬ್ರೇಟರ್ (ಅಳತೆ ಸರಿಯಿದೆಯೇ ಎಂದು ನೋಡಲು ಗೊತ್ತಾದ ಸದ್ದು ಹೊರಡಿಸುವ ಸಾಧನ) ಹಚ್ಚಿ ನೋಡಿ. ಎರಡರ ನಡುವೆ ಅರ್ಧ ಡೆಸಿಬಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ದಿನದ ಅಳತೆ ಬಿಟ್ಟುಬಿಡಿ. ಜೊತೆಗೆ ಅರ್ಧ ಗಂಟೆಗೊಮ್ಮೆ ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂದು ಒಂದು ಸಾಲು ಬರೆದಿಡಿ. ಇದಿಲ್ಲದೆ ಮಧ್ಯಾಹ್ನ ಅಂಕಿ ಏರಿದ್ದು ಯಾಕೆ ಎಂದು ಸಂಜೆ ಯಾರಿಗೂ ಗೊತ್ತಾಗುವುದಿಲ್ಲ. ಸದ್ದಿನ ಮಟ್ಟ ಮಾತ್ರ ದಾಖಲಾಗಲಿ, ಜೊತೆಗಾರರ ಮಾತು ರೆಕಾರ್ಡ್ ಆಗಬಾರದು, ಅವರಿಗೆ ಮೊದಲೇ ಹೇಳಿಬಿಡಿ. ಡೋಸಿಮೀಟರ್ ಸಿಗದಿದ್ದರೆ ಐಫೋನ್‌ನಲ್ಲಿ ನಯೋಶ್‌ನ ಉಚಿತ ಆ್ಯಪ್ ಇದೆ. ಫೋನನ್ನು ಭುಜದ ಎತ್ತರದಲ್ಲಿ ಹಿಡಿದು, 'ಎ' ತೂಕಕ್ಕೆ (ಎ-ವೇಟಿಂಗ್, ಮನುಷ್ಯರ ಕಿವಿಗೆ ಕೇಳಿಸುವ ರೀತಿಗೆ ಹೊಂದಿಸಿದ ಅಳತೆ) ಇಟ್ಟು ಅಳೆಯಿರಿ.

118 ನಾಡಿಯನ್ನು ಸದ್ದಿನ ಲೆಕ್ಕಕ್ಕೆ ಬರೆಯಬೇಡಿ. ನಮ್ಮ ಕಡೆಯ ಬೇಸಿಗೆ ಬಿಸಿಲು, ಚೀಲದ ಭಾರ, ಎರಡೂ ನಾಡಿ ಏರಿಸುತ್ತವೆ. ಪಟ್ಟಿ ಸಡಿಲಿದ್ದರೆ ವಾಚ್ ಕೈ ಬೀಸುವ ಲಯವನ್ನೇ ನಾಡಿ ಎಂದು ಎಣಿಸಿಬಿಡುತ್ತದೆ. ಬೆವರು ಒರೆಸಿ, ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ ಬಿಗಿಯಾಗಿ ಕಟ್ಟಿ, 5 ನಿಮಿಷ ನೆರಳಲ್ಲಿ ಕೂರಿಸಿ ನೋಡಿ.

ಮುಖ್ಯವಾದದ್ದು ಕಿವಿಯ ಪರೀಕ್ಷೆ. ಪಾಳಿ ಮುಗಿಸಿ ನೇರ ಹೋಗಬಾರದು. ಆಗ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತದೆ, ಫಲಿತಾಂಶ ನಿಜಕ್ಕಿಂತ ಕೆಟ್ಟದಾಗಿ ಬರುತ್ತದೆ. ಕನಿಷ್ಠ 16 ಗಂಟೆ ಗದ್ದಲ ಬಿಟ್ಟಿರಬೇಕು, ಹಾಗಾಗಿ ರಜೆಯ ಮರುದಿನ ಬೆಳಿಗ್ಗೆ ಒಳ್ಳೆಯದು. ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ನ ಅಥವಾ ಕಾರ್ಡ್ ಇದ್ದರೆ ಇಎಸ್‌ಐ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಆಡಿಯೊಮೆಟ್ರಿ, ಅಂದರೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಪರೀಕ್ಷೆ, ಕೇಳಿ. 3000, 4000, 6000 ಹರ್ಟ್ಜ್ ಮೂರನ್ನೂ ನೋಡಿ ಎಂದು ಬಾಯಿಬಿಟ್ಟು ಹೇಳಿ. ಸದ್ದಿನಿಂದಾದ ಹಾನಿ ಸಾಮಾನ್ಯವಾಗಿ 4000ದ ಆಸುಪಾಸು ತಗ್ಗಾಗಿ ಕಾಣಿಸಿ, 8000ಕ್ಕೆ ಸ್ವಲ್ಪ ಚೇತರಿಸುತ್ತದೆ. ಮನೆಯಲ್ಲೂ ಗಮನಿಸಬಹುದು. ಊಟಕ್ಕೆ ಬಡಿಸುವಾಗ 'ಸಾಕಾ?' ಅಂದದ್ದು ಅವರಿಗೆ 'ಹಾಕಾ?' ಎಂದು ಕೇಳಿಸುತ್ತಿದ್ದರೆ ಸ, ಶ ಮುಂತಾದ ಎತ್ತರದ ಧ್ವನಿಗಳು ಹೋಗುತ್ತಿವೆ. ವರದಿಯ ಪ್ರತಿ ಇಟ್ಟುಕೊಳ್ಳಿ. ಸದ್ದಿನಿಂದಾಗುವ ಕಿವುಡು, ಕಾರ್ಖಾನೆಯವರು ಸರ್ಕಾರಕ್ಕೆ ತಿಳಿಸಲೇಬೇಕು ಎಂದು ಕಾನೂನು ಪಟ್ಟಿ ಮಾಡಿರುವ ರೋಗ.

ಅಳತೆ ಮುಗಿಯುವವರೆಗೆ ಕಾಯದೆ ನಾಳೆಯಿಂದಲೇ ಇಯರ್‌ಪ್ಲಗ್ ಹಾಕಿಸಿ. ಕೈ ತೊಳೆದು, ಫೋಮನ್ನು ಸಣ್ಣ ಕಡ್ಡಿಯಂತೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ಒಳಗಿಟ್ಟು, 30 ಸೆಕೆಂಡ್ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತರೆ ತಮ್ಮದೇ ದನಿ ಕೊಡದೊಳಗೆ ಮಾತಾಡಿದಂತೆ ಕೇಳುತ್ತದೆ. ಡಬ್ಬಿಯ ಮೇಲೆ 30 ಎಂದಿದ್ದರೂ ನಿಜದಲ್ಲಿ ಸುಮಾರು 11 ತಗ್ಗುತ್ತದೆ ಎಂದು ಹಿಡಿಯಿರಿ. ಅಷ್ಟಾದರೆ 91 ಸುಮಾರು 80ಕ್ಕೆ ಬರುತ್ತದೆ. ಹತ್ತಿ ತುರುಕುವುದು ಇದಕ್ಕೆ ಸಾಟಿಯಲ್ಲ. ಕಿವಿ ಸೋರುತ್ತಿದ್ದರೆ ಪ್ಲಗ್ ಬೇಡ, ಇಯರ್‌ಮಫ್ ಕೊಡಿಸಿ. ಧೂಳಿಗೆ ತಲೆಗೆ ಸುತ್ತಿಕೊಳ್ಳುವ ಟವೆಲ್ ಮಾತ್ರ ಮಫ್‌ನ ಮೇಲೆ ಬರಲಿ. ಒಳಗೆ ಬಂದರೆ ಸಂದಿಯಿಂದ ಸದ್ದು ನುಗ್ಗುತ್ತದೆ.