ಟ್ವಿಲೈಟ್ ಝೋನ್ ಎರಡನೇ ಸೀಸನ್ನಿನ ಕೆಲವು ಎಪಿಸೋಡ್ ಮಸುಕಾಗಿ ಕಾಣೋದ್ಯಾಕೆ
ಇಲ್ಲ ಸರ್, ನಿಮ್ ಡಿಸ್ಕ್ ಹಾಳಾಗಿಲ್ಲ, ವಾಪಸ್ ಕಳಿಸ್ಬೇಡಿ. ಟ್ವಿಲೈಟ್ ಝೋನ್ ಅನ್ನೋ ಹಳೇ ಅಮೆರಿಕನ್ ಟೀವಿ ಸೀರೀಸ್ ಬ್ಲೂರೇಲಿ 'ನೈಟ್ ಆಫ್ ದ ಮೀಕ್' ಎಪಿಸೋಡ್ ಮಾತ್ರ ಮಸುಕಾಗಿದೆ ಅಂದ್ರಲ್ಲ, ಅದನ್ನ ಶೂಟ್ ಮಾಡಿದ್ದೇ ಹಾಗೆ, ಖರ್ಚು ಉಳಿಸೋಕೆ ಅಂತ ಅದರ ಚಾನೆಲ್ ಸಿಬಿಎಸ್‌ನೋರು ಎರಡನೇ ಸೀಸನ್ನಿನ 6 ಎಪಿಸೋಡ್‌ಗಳನ್ನ ಫಿಲ್ಮ್ ಬಿಟ್ಟು ವಿಡಿಯೋಟೇಪಲ್ಲಿ ತೆಗೆಸಿದ್ರು, ಟೇಪಲ್ಲೇ ಇಲ್ದಿರೋ ಡೀಟೇಲ್ ಬ್ಲೂರೇಗೆ ಎಲ್ಲಿಂದ ಬರ್ಬೇಕು ಹೇಳಿ. ಮಿಕ್ಕಿದ್ದೆಲ್ಲ ಫಿಲ್ಮು, ಆ ಕಪ್ಪು-ಬಿಳುಪಿನ ನೆರಳು ಬೆಳಕು ನೋಡೋಕೇ ಖುಷಿ. ಆದ್ರೂ ಆ ಎಪಿಸೋಡ್ ದಯವಿಟ್ಟು ಸ್ಕಿಪ್ ಮಾಡ್ಬೇಡಿ, ಕುಡುಕ ಸಾಂತಾ ಆಗಿರೋ ನಟ ಆರ್ಟ್ ಕಾರ್ನಿ ಮುಖ ನೋಡ್ತಾ ನೋಡ್ತಾ ಮಸುಕು ಮರ್ತೇ ಹೋಗುತ್ತೆ. ನಾಲ್ಕನೇ ಸೀಸನ್ ಮಾತ್ರ ಒಂದೊಂದು ಎಪಿಸೋಡು ಒಂದ್ ಗಂಟೆದು, ನಂಗಂತೂ ಎಳೆದ ಹಾಗೆ ಅನ್ಸುತ್ತೆ, ಅದನ್ನ ಕೊನೆಗೆ ಇಟ್ಕೊಳ್ಳಿ.